ಕೂಸು ಬೆಳೆಯಿತು, ಅಂಗಿ ಉಳಿಯಿತು

ಮನುಷ್ಯನು ತನ್ನ ಆಯುಷ್ಯದಲ್ಲಿ ಧರಿಸುವ ವಸ್ತ್ರಗಳೆಲ್ಲವೂ ಬಹುಮಟ್ಟಿಗೆ ಮಾಸಿ, ಬಣ್ಣಗೆಟ್ಟು, ಹರಿದು, ಇನ್ನು ತೊಡಲಾಗದು ಎಂಬ ಸ್ಥಿತಿಗೆ ಬಂದ ಬಳಿಕವೇ ಅವನನ್ನು ಅಗಲುತ್ತವೆ. ಆದರೆ ಶಿಶುವಿನ ವಸ್ತ್ರವೊಂದು ಮಾತ್ರ ನೂಲು ಇನ್ನೂ ಗಟ್ಟಿಯಾಗಿರುವಾಗ, ಗುಂಡಿಗಳಲ್ಲಿ ಒಂದೂ ಉದುರದಿರುವಾಗ, ತಾನು ಹಳೆಯದಾಗುವುದಕ್ಕೆ ಮೊದಲೇ ನಿರುಪಯೋಗವಾಗಿ ಕೂಡುತ್ತದೆ. ಹುಟ್ಟಿದಾಗ ಸುಮಾರು 3 ಕಿಲೋ ತೂಗುವ ಕೂಸು ಐದನೆಯ ತಿಂಗಳ ಹೊತ್ತಿಗೆ ಅದರ ಇಮ್ಮಡಿಯನ್ನೂ, ವರ್ಷ ತುಂಬುವಾಗ ಅದರ ಮುಮ್ಮಡಿಯನ್ನೂ ತೂಗುತ್ತದೆ. 50 ಸೆಂಟಿಮೀಟರ್ ಉದ್ದವಿದ್ದ ಶರೀರ ಅದೇ ಅವಧಿಯಲ್ಲಿ 75 ಸೆಂಟಿಮೀಟರ್‌ಗೆ ನೀಳುತ್ತದೆ. ಮುಂದೆ ಜೀವಮಾನದ ಯಾವ ಘಟ್ಟದಲ್ಲಿಯೂ ದೇಹ ಈ ವೇಗದಲ್ಲಿ ವೃದ್ಧಿಸದು. ಆದಕಾರಣ ಅಂಗಡಿಯವನು ಮೂರು ತಿಂಗಳ ಅಳತೆ, ಆರು ತಿಂಗಳ ಅಳತೆ, ಒಂಬತ್ತು ತಿಂಗಳ ಅಳತೆ ಎಂದು ಬಟ್ಟೆಗಳನ್ನು ಬೇರೆ ಬೇರೆ ಅಟ್ಟಗಳಲ್ಲಿ ಜೋಡಿಸಿಡುತ್ತಾನೆ. ತಾಯಿಯಾದವಳು ಎರಡು ವರ್ಷದೊಳಗಾಗಿ ಐದಾರು ಅಳತೆಗಳನ್ನು ದಾಟಿ ಬರುತ್ತಾಳೆ. ದಾಟಿದ ಪ್ರತಿಯೊಂದು ಅಳತೆಯೂ ಮನೆಯಲ್ಲಿ ಒಂದು ಗಂಟಾಗಿ ಉಳಿಯುತ್ತದೆ.

ಈ ಗಂಟುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಪವೆಂದು ತೋರಬಹುದು. ಅದು ಹೆಂಗಸರ ಪಾಲಿಗೆ ಬಿಟ್ಟ ಗೃಹಕೃತ್ಯವೆಂದು ಪತ್ರಿಕೆಗಳು ಇದುವರೆಗೆ ಅದರ ಗೊಡವೆಗೆ ಹೋದದ್ದು ಕಡಿಮೆ. ಆದರೆ ನಮ್ಮ ಆದಿತ್ಯನಗರದಂಥ ಊರಿನಲ್ಲಿ ವಾಸಿಸುವವನಿಗೆ, ಅದೂ ಕಾರ್ಖಾನೆಯ ವಸತಿಗೃಹಗಳ ಕಪಾಟುಗಳಲ್ಲಿ ಏನು ತುಂಬಿದೆ ಎಂಬುದನ್ನೂ ಅಲ್ಲಿಂದ ಕೂಗಳತೆಯ ಹಳ್ಳಿಗಳ ತೊಟ್ಟಿಲುಗಳಲ್ಲಿ ಏನಿಲ್ಲ ಎಂಬುದನ್ನೂ ಕಂಡವನಿಗೆ, ಇದು ಊರಿನ ನಡವಳಿಕೆಗೆ ಸಂಬಂಧಪಟ್ಟ ಪ್ರಶ್ನೆಯೆಂದೇ ಅನ್ನಿಸುವುದು. ಕೂಸಿನ ಬಟ್ಟೆಯನ್ನು ಒಪ್ಪವಾಗಿ ಒಗೆದು, ನ್ಯಾಯವಾದ ಸಣ್ಣ ಬೆಲೆಗೆ ಬಹಿರಂಗವಾಗಿ ಮಾರತಕ್ಕದ್ದು. ಅದರಲ್ಲಿ ಮಾರುವವಳಿಗೆ ಲಜ್ಜೆಯೂ ಇಲ್ಲ, ಕೊಳ್ಳುವವಳಿಗೆ ದೈನ್ಯವೂ ಇಲ್ಲ ಎಂಬುದು ನನ್ನ ಪಕ್ಷ. ಅದನ್ನು ದಾನವಾಗಿ ಕೊಡುವುದಕ್ಕಿಂತ ಹೀಗೆ ಮಾರುವುದೇ ಅನೇಕ ಸಂದರ್ಭಗಳಲ್ಲಿ ಹೆಚ್ಚು ಧರ್ಮಸಮ್ಮತವೆಂದೂ ನಾನು ಭಾವಿಸುತ್ತೇನೆ.

ಹಿಂದಿನವರಿಗೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ನಮ್ಮ ಭಾಗದಲ್ಲಿ ಹೊಸದಾಗಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವ ಪದ್ಧತಿಯೇ ವಿರಳವಾಗಿದ್ದಿತು. ಅಜ್ಜಿಯ ಹಳೆಯ ನೂಲಿನ ಸೀರೆಯನ್ನೋ ಅಜ್ಜನ ಧೋತರವನ್ನೋ ಹರಿದು, ನೂರಾರು ಸಲ ನೀರು ಕಂಡು ಮೃದುವಾಗಿದ್ದ ಆ ಬಟ್ಟೆಯಲ್ಲಿ ಕೂಸನ್ನು ಸುತ್ತುತ್ತಿದ್ದರು. ಲಂಗೋಟಿಗಳೂ ಅದರಲ್ಲಿಯೇ ಆಗುತ್ತಿದ್ದವು. ಬಾಳಿ ಬದುಕಿದ ಹಿರಿಯರ ಬಟ್ಟೆ ಮೈಗೆ ತಾಗಿದರೆ ಕೂಸಿಗೂ ಆಯುಷ್ಯ ಹತ್ತುವುದೆಂಬುದು ನಂಬಿಕೆ. ಎಳೆಯ ಚರ್ಮಕ್ಕೆ ಗಂಜಿ ಹಚ್ಚಿದ ಹೊಸ ಬಟ್ಟೆ ಒರಟಾಗುವುದೆಂಬುದು ಅನುಭವ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿಯಂತೂ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು, ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಹೆಸರಿಟ್ಟು, ನಾಲ್ಕು ಮನೆಗಳಿಂದ ಹಳೆಯ ಬಟ್ಟೆ ಬೇಡಿ ತಂದು ತೊಡಿಸುತ್ತಿದ್ದರು. ಪರರ ಮಕ್ಕಳು ತೊಟ್ಟ ಅಂಗಿ ಅಮಂಗಳವೆಂಬ ಭಾವನೆ ನಮ್ಮ ಸಂಪ್ರದಾಯದ ಮೂಲದಲ್ಲಿ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಾಗದು.

ತೊಟ್ಟಿಲು ಕಟ್ಟುವ ದಿನ ತವರಿನಿಂದ ಕುಂಚಿಗೆ, ಕುಲಾಯಿ, ಅಂಗಿಗಳು ಬರುವುದು ಬೇರೆಯ ಮಾತು. ಕುಂಚಿಗೆಯನ್ನು ಬಲ್ಲವರಿಗೆ ಅದರ ಚೆಲುವನ್ನು ವರ್ಣಿಸಬೇಕಾಗಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದು, ಒಳಗೆ ಮೆತ್ತನೆಯ ಹಳೆಯ ಬಟ್ಟೆಯ ಅಸ್ತರು ಕೊಟ್ಟು, ತಲೆಯಿಂದ ಇಳಿದು ಬೆನ್ನನ್ನೆಲ್ಲ ಮುಚ್ಚುವಂತೆ ಬಿಟ್ಟು, ಅಂಚಿಗೆ ಬೇರೆ ಬಣ್ಣದ ಪಟ್ಟಿಯನ್ನೋ ಸಣ್ಣ ಗೊಂಡೆಗಳನ್ನೋ ಇಟ್ಟ ಆ ಉಡುಪು ಒಂದೇ ಕೂಸಿಗಾಗಿ ಹುಟ್ಟಿದ್ದಲ್ಲ. ಹಿರಿಯ ಮಗಳ ಚೊಚ್ಚಲ ಮಗು ತೊಟ್ಟ ಕುಂಚಿಗೆ ಅವಳ ತಂಗಿಯ ಮಗುವಿಗೆ, ತಂಗಿಯ ಮಗುವಿನಿಂದ ಸೋದರಮಾವನ ಮಗುವಿಗೆ, ಹೀಗೆ ಮನೆಯಿಂದ ಮನೆಗೆ ಸಂಚರಿಸಿ, ಕಡೆಗೆ ಮೊದಲು ತೊಟ್ಟವಳ ಮಗುವಿಗೇ ಮರಳಿ ಬಂದ ದೃಷ್ಟಾಂತಗಳುಂಟು. ಅಂಗಿಗಳೂ ಅದೇ ದಾರಿಯಲ್ಲಿ ನಡೆಯುತ್ತಿದ್ದವು. ತೀರ ಸವೆದವು ಕೌದಿಯನ್ನು ಸೇರುತ್ತಿದ್ದವು. ಕೌದಿ ಹೊಲಿಯುವ ಹೆಣ್ಣುಮಕ್ಕಳು ಓಣಿಗೆ ಬಂದಾಗ ಮನೆಯಾಕೆ ಅಟ್ಟದಿಂದ ಗಂಟನ್ನಿಳಿಸಿ ಬಿಚ್ಚುತ್ತಿದ್ದಳು. ಯಾವ ಚೂರು ಯಾವ ಮಗುವಿನದೆಂದು ಮುದುಕಿಯರು ಬೆರಳಿಟ್ಟು ಹೇಳುತ್ತಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿಗಳನ್ನು ಇಂದು ಪರದೇಶಗಳ ಪ್ರದರ್ಶನಶಾಲೆಗಳವರೂ ಕಲೆಯೆಂದು ಕಾಣುತ್ತಾರೆ. ನಮ್ಮ ಮನೆಗಳಲ್ಲಿ ಅದು ನಿತ್ಯದ ಮಿತವ್ಯಯವಾಗಿದ್ದಿತು.

ಈ ಪ್ರವಾಹ ನಿಂತದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಅದು ನಿಂತದ್ದು ಜನರ ಮನಸ್ಸು ಸಂಕುಚಿತವಾದುದರಿಂದಲ್ಲ, ಬಂಧುಗಳು ದೂರವಾದುದರಿಂದ. ಆದಿತ್ಯನಗರದ ಸ್ಥಿತಿಯನ್ನೇ ನೋಡಬಹುದು. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿ ಮಾನ್ಯಖೇಟವೆಂದು ಮೆರೆದು, ಈಗ ಕಾಗಿಣಾ ನದಿಯ ದಡದಲ್ಲಿ ಹಳ್ಳಿಯಾಗಿ ಉಳಿದಿರುವ ಮಳಖೇಡದ ಸಮೀಪ, ರಾಜಶ್ರೀ ಸಿಮೆಂಟ್ ಕಾರ್ಖಾನೆಯ ಸುತ್ತ ಎದ್ದ ವಸತಿಯಿದು. ಭೀಮಾ ಕಣಿವೆಯ ಸುಣ್ಣಕಲ್ಲಿನ ಹಾಸು ಇಲ್ಲಿಂದ ವಾಡಿ, ಶಹಾಬಾದಗಳವರೆಗೆ ಹಬ್ಬಿರುವುದರಿಂದ ಸೇಡಂನಲ್ಲಿಯೂ ವಾಡಿಯಲ್ಲಿಯೂ ಸಿಮೆಂಟು, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಕಲ್ಲು, ಹೀಗೆ ಒಂದೊಂದು ಊರೂ ನೆಲವನ್ನು ಅಗೆದೇ ಬದುಕುತ್ತಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದಂದಿನಿಂದ ಹೊರಗಿನವರು ಈ ಪ್ರಾಂತಕ್ಕೆ ಬರುತ್ತಲೇ ಇದ್ದಾರೆ. ಕಾರ್ಖಾನೆಯ ಕಾಲನಿಗಳಲ್ಲಿ ರಾಜಸ್ಥಾನದವರುಂಟು, ಉತ್ತರ ಪ್ರದೇಶ ಬಿಹಾರಗಳವರುಂಟು, ಆಂಧ್ರದವರುಂಟು, ಬೆಳಗಾವಿ ಬಾಗಲಕೋಟೆಗಳ ಕನ್ನಡಿಗರೂ ಉಂಟು. ಇಂಥ ಮನೆಯಲ್ಲಿ ಹೆರಿಗೆಯಾದ ಹೆಣ್ಣಿಗೆ ನೆರೆಹೊರೆ ಉಂಟು, ಆದರೆ ನಾದಿನಿ ಇಲ್ಲ, ತಂಗಿ ಇಲ್ಲ, ಕೂಸಿನ ಅಂಗಿ ತನ್ನಿಂದ ಮುಂದೆ ಹೋಗಬೇಕಾದ ದಾರಿಯ ಮುಂದಿನ ಮನೆಯೇ ಇಲ್ಲ. ಪಕ್ಕದ ಕ್ವಾರ್ಟರ್ಸಿನವಳಿಗೆ ಕೊಡೋಣವೆಂದರೆ, ಆಕೆ ಏನೆಂದುಕೊಳ್ಳುವಳೋ ಎಂಬ ಸಂಕೋಚ. ಅವರ ಯಜಮಾನರು ನಮ್ಮ ಯಜಮಾನರಿಗಿಂತ ಮೇಲಿನ ಹುದ್ದೆಯಲ್ಲಿದ್ದರಂತೂ ಸಂಕೋಚ ಇಮ್ಮಡಿ. ಇದರ ನಡುವೆ ವರ್ಗಾವಣೆಯ ಆಜ್ಞೆ ಬಂತೆಂದರೆ ಗಂಟುಗಳು ಲಾರಿಯನ್ನೇರಿ ಇನ್ನೊಂದು ರಾಜ್ಯಕ್ಕೆ ಹೊರಡುತ್ತವೆ.

ಉಳಿದವರ ಮನೆಗಳಲ್ಲಿ ಅವು ಟ್ರಂಕಿನಲ್ಲಿ ಕೂಡುತ್ತವೆ. ಇಲ್ಲೊಂದು ಅಪಾಯವನ್ನು ಹೇಳದೆ ಮುಂದೆ ಹೋಗಲಾರೆ. ಮುಂದಿನ ಮಗುವಿಗೆ ಬೇಕಾದೀತೆಂದು ಎತ್ತಿಡುವ ಬಟ್ಟೆಗಳ ನಡುವೆ ನುಸಿಗುಳಿಗೆ ಇಡುವುದು ನಮ್ಮಲ್ಲಿ ಸರ್ವಸಾಮಾನ್ಯ. ಆ ಬಿಳಿಯ ಗುಳಿಗೆಗಳು ಬಹುಸಲ ನ್ಯಾಫ್ತಲೀನಿನವು. ರಕ್ತದ ಕೆಂಪುಕಣಗಳನ್ನು ಕಾಯುವ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುವ ಶಿಶುಗಳು ನಮ್ಮ ದೇಶದಲ್ಲಿ ಉಂಟು, ಗಂಡುಕೂಸುಗಳಲ್ಲಿ ಹೆಚ್ಚು. ಅಂಥ ಶಿಶುವಿಗೆ ನ್ಯಾಫ್ತಲೀನಿನ ವಾಸನೆ ಹಿಡಿದ ಬಟ್ಟೆಯನ್ನು ಹಾಗೆಯೇ ತೊಡಿಸಿದರೆ ಉಸಿರಿನಿಂದಲೂ ಚರ್ಮದಿಂದಲೂ ಅದು ಒಳಸೇರಿ, ರಕ್ತಕಣಗಳು ಒಡೆದು, ಕಾಮಾಲೆ ಏರಿ, ಮಿದುಳಿಗೂ ಹಾನಿ ತಟ್ಟಬಹುದೆಂದು ವೈದ್ಯರು ಬಹುಕಾಲದಿಂದ ಬಲ್ಲರು. ಕೊರತೆಯುಳ್ಳ ಕೂಸು ಯಾವುದೆಂಬುದು ನೋಡಿದರೆ ತಿಳಿಯುವಂಥದಲ್ಲ. ಆದ್ದರಿಂದ ಎತ್ತಿಡಲೇಬೇಕೆನ್ನುವವರು ಒಣಗಿದ ಬೇವಿನ ಎಲೆ ಹಾಕಿ ಇಡಲಿ. ಗುಳಿಗೆಯ ವಾಸನೆ ಹಿಡಿದವನ್ನು ಮತ್ತೆ ಮತ್ತೆ ಒಗೆದು, ವಾಸನೆ ಸಂಪೂರ್ಣ ಹೋಗುವವರೆಗೆ ಹಲವು ದಿನ ಗಾಳಿಬಿಸಿಲಿಗೆ ಹಾಕಿದ ಹೊರತು ಯಾವ ಕೂಸಿಗೂ ತೊಡಿಸದಿರಲಿ. ಟ್ರಂಕು ಸುರಕ್ಷಿತ ಸ್ಥಳವೆಂಬ ನಮ್ಮ ಎಣಿಕೆ ಇಷ್ಟರಮಟ್ಟಿಗೆ ಪೊಳ್ಳು.

ಮಾರಾಟಕ್ಕೆ ಈಗಲೇ ಒಂದು ದಾರಿ ಇದೆಯಲ್ಲ, ಹಳೆಯ ಬಟ್ಟೆಗೆ ಭಾಂಡೆ ಕೊಡುವವರು ಬರುತ್ತಾರಲ್ಲ ಎಂದು ಕೆಲವರು ಹೇಳಬಹುದು. ಮೊನ್ನೆ ಅಂಥ ಒಬ್ಬಾಕೆ ತಲೆಯ ಮೇಲೆ ಸ್ಟೀಲಿನ ಬುಟ್ಟಿ, ಹೆಗಲಿಗೆ ಬಟ್ಟೆಯ ಮೂಟೆ ಹೊತ್ತು ಬಂದು, ಕಟ್ಟೆಯ ಮೇಲೆ ಕುಳಿತು ವ್ಯಾಪಾರ ಮಾಡುವುದನ್ನು ನಿಂತು ನೋಡಿದೆ. ಮನೆಯಾಕೆ ಮೂರು ಸೀರೆ, ಎರಡು ಪ್ಯಾಂಟು ತಂದಿಟ್ಟಳು. ಆಕೆ ಪ್ಯಾಂಟನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಭಾಗವನ್ನು ಉಜ್ಜಿ, ಜಿಪ್ಪನ್ನು ಎರಡು ಸಲ ಎಳೆದು ನೋಡಿ ಬದಿಗಿಟ್ಟಳು. ಬಳಿಕ ಮನೆಯಾಕೆ ಕೂಸಿನ ಬಟ್ಟೆಯ ಚೀಲವನ್ನು ಸುರಿದಳು: ಹತ್ತಿಪ್ಪತ್ತು ಜಬ್ಲಾ, ಫ್ರಾಕು, ಒಂದು ಹಳದಿ ಸ್ವೆಟರು. ಆಕೆ ಅವನ್ನು ಮುಟ್ಟಲೂ ಇಲ್ಲ. "ಕೂಸಿನ ಅಂಗಿ ಬ್ಯಾಡ್ರಿ ಅಕ್ಕಾ, ಸಣ್ಣ ಅರಿವಿ ನಮಗ ನಡಿಯಂಗಿಲ್ಲ. ಇನ್ನೊಂದು ಸೀರಿ ಇದ್ರ ಕೊಡ್ರಿ, ಪಾತೇಲಿ ತಗೋರಿ" ಎಂದಳು. "ಹೊಸಾವೇ ಅದಾವಲ್ಲ, ನೋಡು" ಎಂದು ಈಕೆ ಹೇಳಿದರೆ, "ಹೊಸಾವ ಇದ್ರ ಏನ್ರಿ, ಯಾರಿಗೆ ಮಾರ್ಲಿ?" ಎಂಬುದು ಉತ್ತರ.

ಆಕೆಯ ಪ್ರಶ್ನೆ ವ್ಯಾಪಾರದ ಮರ್ಮವನ್ನು ಬಲ್ಲವಳ ಪ್ರಶ್ನೆ. ಮುಂಬಯಿ ದಿಲ್ಲಿಗಳಲ್ಲಿ ಗುಜರಾತಿನ ವಾಘ್ರಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ನಡೆಸುತ್ತಿರುವ ಈ ಕಸುಬಿನಲ್ಲಿ ಪ್ಯಾಂಟು ಅಂಗಿಗಳು ರಿಪೇರಿಯಾಗಿ ಕೂಲಿಕಾರರ ಸಂತೆಗೆ ಹೋಗುತ್ತವೆ, ಜರಿಯಂಚಿನ ರೇಷ್ಮೆಗೆ ಬೇರೆಯೇ ಗಿರಾಕಿಗಳಿರುತ್ತಾರೆ. ಉಳಿದ ಚಿಂದಿ ಒರೆಸುವ ಬಟ್ಟೆಯಾಗುತ್ತದೆ. ಉಣ್ಣೆಯದಾದರೆ ಪಾಣಿಪತ್ತಿನ ಗಿರಣಿಗಳಲ್ಲಿ ನಾರಾಗಿ ಬಿಡಿಸಿಕೊಂಡು ಅಗ್ಗದ ಕಂಬಳಿಯಾಗುತ್ತದೆ. ಅಂಗೈಯಗಲದ ಜಬ್ಲಾ ಒರೆಸುವುದಕ್ಕೂ ಸಾಲದು. ಅದು ಉಪಯೋಗಕ್ಕೆ ಬರುವುದು ಇನ್ನೊಂದು ಕೂಸಿಗೆ ಮಾತ್ರ; ಆ ಇನ್ನೊಂದು ಕೂಸು ಎಲ್ಲಿದೆ ಎಂಬುದು ಮೂಟೆ ಹೊರುವವಳಿಗೆ ತಿಳಿಯದು, ಊರಿನವರಿಗೆ ತಿಳಿಯಬಹುದು. ಆದಕಾರಣ ಈ ವಸ್ತುವಿನ ಪೇಟೆ ಸ್ಥಳೀಯವಾಗಿಯೇ ಇರಬೇಕು, ತಾಯಂದಿರ ನಡುವೆಯೇ ಇರಬೇಕು.

ಈಗ ದಾನದ ಮಾತು. ಮನೆಗೆಲಸಕ್ಕೆ ಬರುವವಳಿಗೆ ಕೊಟ್ಟುಬಿಡುವುದೇ ನಮ್ಮ ಕಾಲನಿಗಳ ರೂಢಿ. ಕೊಡುವವರ ಮನಸ್ಸು ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಪಡೆಯುವವಳ ಕಡೆಯಿಂದ ಈ ವಿನಿಮಯವನ್ನು ನೋಡತಕ್ಕವರು ಅಪರೂಪ. ಅವಳಿಗೆ ಆರಿಸುವ ಹಕ್ಕಿಲ್ಲ. ಕೊಟ್ಟದ್ದೆಲ್ಲವನ್ನೂ, ತನ್ನ ಮನೆಯಲ್ಲಿ ಆ ಅಳತೆಯ ಕೂಸು ಇರಲಿ ಇಲ್ಲದಿರಲಿ, ನಗುಮುಖದಿಂದ ಹೊತ್ತೊಯ್ಯಬೇಕು. ಬೇಡವೆಂದರೆ ಸೊಕ್ಕೆಂದಾಗುವುದು. ಒಯ್ದ ಬಳಿಕ ಹಬ್ಬದ ದಿನ ಒಂದು ತಾಸು ಹೆಚ್ಚು ದುಡಿಯೆಂದರೆ ಒಲ್ಲೆನೆನ್ನುವ ಬಾಯಿ ಅವಳಿಗೆ ಉಳಿಯದು. ತನ್ನ ಮಗ ಆ ಅಂಗಿ ತೊಟ್ಟು ಕಾಲನಿಗೆ ಬಂದರೆ, ಇದು ನಮ್ಮ ಪಾಪುವಿನದು ಎಂದು ಒಡತಿಯ ಮಗಳು ಎಲ್ಲರೆದುರು ಗುರುತಿಸುವಳು. ಮಕ್ಕಳಿಗೆ ಮರ್ಮ ತಿಳಿಯದು, ತಾಯಿಗೆ ತಿಳಿಯುತ್ತದೆ. ಇನ್ನು ಕೊಡುವವರ ಪಕ್ಷದಲ್ಲಿಯೂ ಒಂದು ದೋಷವಿದೆ: ಪುಕ್ಕಟೆ ಕೊಡುವ ವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಶ್ರದ್ಧೆ ಕಡಿಮೆ. ಕಲೆಯಾದದ್ದು, ಗುಂಡಿ ಹೋದದ್ದು, ಕತ್ತು ಜೋತದ್ದು, ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತವೆ.

ಈ ಅಶ್ರದ್ಧೆ ದೊಡ್ಡ ಪ್ರಮಾಣದಲ್ಲಿ ಏನಾಗುತ್ತದೆಂಬುದನ್ನು 2004ರ ಸುನಾಮಿಯ ಅನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶವೇ ಕಂಡಿತು: ದೇಶದ ಮೂಲೆಮೂಲೆಗಳಿಂದ ಬಂದ ಹಳೆಯ ಬಟ್ಟೆಗಳು ಯಾರಿಗೂ ಬೇಡವಾಗಿ ರಾಶಿರಾಶಿಯಾಗಿ ಬಿದ್ದಿದ್ದವು, ಅವನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸಕ್ಕೆ ಗೂಂಜ್ ಸಂಸ್ಥೆ ಕೈಹಾಕಬೇಕಾಯಿತು. ಅಂಶು ಗುಪ್ತರು 1999ರಲ್ಲಿ ಆರಂಭಿಸಿದ ಈ ಸಂಸ್ಥೆಯ ವಿಶೇಷವೇನೆಂದರೆ, ಅದು ಹಳ್ಳಿಗರಿಗೆ ಬಟ್ಟೆಯನ್ನು ಭಿಕ್ಷೆಯಾಗಿ ಹಂಚಲಿಲ್ಲ. ಊರಿನವರು ತಮ್ಮ ಊರಿಗಾಗಿಯೇ ಬಾವಿ ತೋಡಿದರೆ, ರಸ್ತೆ ಸರಿಪಡಿಸಿದರೆ, ಕಾಲುಸಂಕ ಕಟ್ಟಿಕೊಂಡರೆ ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆ. ಕೊಡುವವನ ಹೆಮ್ಮೆಗಿಂತ ಪಡೆಯುವವನ ಮರ್ಯಾದೆ ದೊಡ್ಡದೆಂಬ ತತ್ತ್ವ ಇದರ ಅಡಿಗಲ್ಲು. ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಬಹುಮಂದಿ ಅವರ ಔದಾರ್ಯವನ್ನು ಹೊಗಳಿದರು. ನನಗೆ ಅವರ ನಿಷ್ಠುರತೆಯೇ ಹೆಚ್ಚು ಹೊಗಳತಕ್ಕದ್ದೆಂದು ತೋರಿತು.

ಬೆಲೆ ಎಂಬುದು ಇದೇ ಮರ್ಯಾದೆಯನ್ನು ಇನ್ನೂ ಸರಳವಾಗಿ ಒದಗಿಸುತ್ತದೆ. 20 ರೂಪಾಯಿ ಕೊಟ್ಟು ಒಂದು ಅಂಗಿ ಕೊಳ್ಳುವವಳು ಅದನ್ನು ತಿರುವಿ ನೋಡಬಹುದು, ಹೊಲಿಗೆಯನ್ನು ಎಳೆದು ಪರೀಕ್ಷಿಸಬಹುದು, ಬಣ್ಣ ಹಿಡಿಸದಿದ್ದರೆ ಬಿಡಬಹುದು, 15ಕ್ಕೆ ಕೊಡು ಎಂದು ಕೇಳಬಹುದು. ಕೊಂಡ ಮೇಲೆ ಆಕೆ ಯಾರಿಗೂ ಋಣಿಯಲ್ಲ. ಅಂಗಿ ಅವಳ ಕೂಸಿನದು, ಅದರ ಹಿಂದಿನ ಒಡೆಯ ಯಾರೆಂಬುದು ಯಾರಿಗೂ ಬೇಡದ ಸಂಗತಿ. ಮಾರುವವಳೂ ಬೆಲೆಯನ್ನು ಸಮರ್ಥಿಸಿಕೊಳ್ಳಬೇಕಾದುದರಿಂದ ಒಗೆದು, ಇಸ್ತ್ರಿ ಮಾಡಿ, ಬಿದ್ದ ಗುಂಡಿಯನ್ನು ಹಚ್ಚಿ ತರುವಳು. ಪೇಟೆಯಲ್ಲಿ ಕೂಸಿನ ಒಂದು ಜೊತೆ ಬಟ್ಟೆಗೆ 300, 400 ರೂಪಾಯಿ ಕೇಳುವ ಈ ದಿನಗಳಲ್ಲಿ, ಹೊಲದ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ತನ್ನ ದಿನದ ದುಡಿಮೆಯನ್ನೆಲ್ಲ ಮೂರು ತಿಂಗಳಿಗೆ ಗಿಡ್ಡವಾಗುವ ಅಂಗಿಗೆ ಸುರಿಯಬೇಕಾಗಿರುವಾಗ, ಅದೇ ಹಣದಲ್ಲಿ ವರ್ಷಕ್ಕಾಗುವಷ್ಟು ಬಟ್ಟೆ ತನ್ನ ಕೈಯಾರೆ ಆರಿಸಿ ತರುವ ಅವಕಾಶ ಎಂಥ ಸಮಾಧಾನವೆಂಬುದನ್ನು ಯೋಚಿಸಬೇಕು. ಕೂಸಿನ ಬಟ್ಟೆ ವಿಲಾಸವಲ್ಲ, ಅವಶ್ಯಕತೆಯೆಂಬುದನ್ನು ಸರ್ಕಾರವೂ ಒಪ್ಪಿದೆ. 2007ರಲ್ಲಿ ಆರಂಭವಾದ ಮಡಿಲು ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಟ್ಟ ಚೀಲದೊಳಗೆ ಕೂಸಿನ ಹಾಸಿಗೆ ಹೊದಿಕೆಗಳು, ಉಡುಪುಗಳು ಇದ್ದವು. ಆದರೆ ಆ ಚೀಲ ಮೊದಲ ತಿಂಗಳುಗಳಿಗಾಗಿ. ಕೂಸು ಅಂಬೆಗಾಲಿಟ್ಟ ಮೇಲಿನ ಅಳತೆಗಳನ್ನು ಯಾವ ಇಲಾಖೆ ಹೊಲಿಸಿಕೊಟ್ಟೀತು?

ಪಶ್ಚಿಮದವರಲ್ಲಿ ಈ ವ್ಯಾಪಾರ ಸಂಕೋಚವನ್ನು ಕಳೆದುಕೊಂಡು ಬಹಳ ಕಾಲವಾಯಿತು. ಇಂಗ್ಲೆಂಡಿನಲ್ಲಿ 1956ರಲ್ಲಿ ಹುಟ್ಟಿದ ನ್ಯಾಷನಲ್ ಚೈಲ್ಡ್‌ಬರ್ತ್ ಟ್ರಸ್ಟ್ ಎಂಬ ತಾಯಂದಿರ ಸಂಸ್ಥೆ ಊರೂರಿನ ಸಭಾಮಂದಿರಗಳಲ್ಲಿ ಮಕ್ಕಳ ಬಳಸಿದ ಬಟ್ಟೆ, ಆಟಿಕೆ, ತಳ್ಳುಗಾಡಿಗಳ ಮಾರಾಟವನ್ನು ಏರ್ಪಡಿಸುತ್ತ ಬಂದಿದೆ. ಬಂದ ಹಣದ ಬಹುಪಾಲು ಮಾರಿದವಳಿಗೆ, ಒಂದು ಪಾಲು ಸಂಸ್ಥೆಯ ಕೆಲಸಕ್ಕೆ. ಅಲ್ಲಿ ಕೊಳ್ಳುವವರಲ್ಲಿ ಬಡವರೂ ಉಂಟು, ಉಳ್ಳವರೂ ಉಂಟು. ನಮ್ಮಲ್ಲಿಯೂ ಉಳ್ಳವರು ಮೊದಲು ಕೊಳ್ಳಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಅಧಿಕಾರಿಯ ಹೆಂಡತಿ ತನ್ನ ಮೊಮ್ಮಗುವಿಗೆ ಅಲ್ಲಿಂದ ಒಂದು ಫ್ರಾಕನ್ನು ಎಲ್ಲರೆದುರು ಕೊಂಡಳೆಂದರೆ, ಆ ದಿನದಿಂದ ಆ ಮಾರಾಟ ಬಡವರ ಮಾರಾಟವೆಂಬ ಹೆಸರನ್ನು ಕಳೆದುಕೊಳ್ಳುತ್ತದೆ.

ಆಕ್ಷೇಪಣೆಗಳು ಇಲ್ಲದಿಲ್ಲ. ಕೂಸಿನ ಬೆವರು ತಾಗಿದ ಬಟ್ಟೆ ಪರರ ಕೈಗೆ ಹೋದರೆ ದೃಷ್ಟಿಯಾದೀತು, ಮಾಟ ಮಾಡಿಸಿಯಾರು ಎಂಬ ಭಯ ನಮ್ಮ ಹಿರಿಯ ಹೆಂಗಸರಲ್ಲಿ ಇನ್ನೂ ಜೀವಂತವಾಗಿದೆ. ಚೊಚ್ಚಲ ಮಗುವಿನ ಬಟ್ಟೆ ಕೊಟ್ಟರೆ ಮುಂದೆ ಮಡಿಲು ತುಂಬದೆಂದು ಹೇಳುವವರೂ ಉಂಟು. ಈ ಭಯವನ್ನು ಮೂಢತನವೆಂದು ಜರೆಯುವುದರಿಂದ ಏನೂ ಸಾಧಿಸಿದಂತಾಗದು. ಕೂಸನ್ನು ಕಳೆದುಕೊಂಡ ತಾಯಿಯೊಬ್ಬಳು ಅದರ ಒಂದು ಕುಲಾಯಿಯನ್ನು ಎದೆಗೊತ್ತಿಕೊಂಡು ಇಟ್ಟಿದ್ದರೆ ಅದನ್ನು ಕೇಳುವ ಅಧಿಕಾರ ಲೋಕದಲ್ಲಿ ಯಾರಿಗೂ ಇಲ್ಲ. ಮಿಕ್ಕವರಿಗೆ ನಾನು ಹೇಳುವುದು ಇಷ್ಟು: ನಮ್ಮ ಹಿರಿಯರು ಬೇಡಿ ತಂದು ತೊಡಿಸಿದ್ದು ಅನ್ಯರ ಮಕ್ಕಳ ಬಟ್ಟೆಯನ್ನೇ, ಅವನ್ನು ಕೊಟ್ಟ ಮನೆಗಳು ಮಕ್ಕಳಿಲ್ಲದೆ ಹೋಗಲಿಲ್ಲ. ಹೆಸರಿಟ್ಟ ದಿನದ ಕುಂಚಿಗೆ, ಜಾವಳದ ದಿನದ ಅಂಗಿ, ಇಂಥವು ಮನೆಯಲ್ಲಿಯೇ ಉಳಿಯಲಿ. ನಿತ್ಯದ ಬಟ್ಟೆಗಳನ್ನು ಬಿಟ್ಟುಕೊಡಲು ಅಷ್ಟು ದೊಡ್ಡ ಧೈರ್ಯವೇನೂ ಬೇಕಾಗದು.

ರೋಗದ ಭಯ ಇದಕ್ಕಿಂತ ವಿಚಾರಾರ್ಹವಾದದ್ದು, ಆದರೆ ಅದಕ್ಕೆ ಪರಿಹಾರವೂ ಸುಲಭ. ತುರಿಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. 50 ಡಿಗ್ರಿಗೆ ಮೇಲ್ಪಟ್ಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆದರೆ ಆಗಲೇ ಸಾಯುತ್ತದೆ. ಬೇಸಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಜಿಲ್ಲೆಯವರಿಗೆ ಬಿಸಿಲಿನ ಅಭಾವವಂತೂ ಇಲ್ಲ. ಮಾರುವವಳು ಕುದಿನೀರಿನಲ್ಲಿ ಅದ್ದಿ ಒಗೆಯಲಿ, ಕೊಂಡವಳು ಮನೆಗೊಯ್ದು ಇನ್ನೊಮ್ಮೆ ಒಗೆಯಲಿ. ಕತ್ತಿನ ಬಳಿಯ ಲಾಡಿಯನ್ನು ಕತ್ತರಿಸಿ ತೆಗೆಯಬೇಕು, ಅದು ಎಲ್ಲಿಯಾದರೂ ಸಿಕ್ಕಿಕೊಂಡು ಕೂಸಿನ ಕೊರಳು ಬಿಗಿದೀತು. ಸಡಿಲವಾದ ಗುಂಡಿ, ಮಣಿ, ಟಿಕಲಿಗಳನ್ನು ಒಂದೋ ಬಿಗಿದು ಹೊಲಿಯಬೇಕು, ಇಲ್ಲವೇ ಕಿತ್ತುಹಾಕಬೇಕು, ಕೈಗೆ ಸಿಕ್ಕಿದ್ದೆಲ್ಲವೂ ಆ ವಯಸ್ಸಿನಲ್ಲಿ ಬಾಯಿಗೆ. ಒಳಗಿನ ಲಂಗೋಟಿ, ಚಡ್ಡಿಗಳನ್ನು ಮಾರಬಾರದು. ನುಸಿಗುಳಿಗೆಯ ವಾಸನೆಯುಳ್ಳ ಯಾವುದನ್ನೂ ಮೇಜಿನ ಮೇಲೆ ಇಡಗೊಡಬಾರದು.

ಇದನ್ನು ನಡೆಸಬೇಕಾದವರು ಯಾರು? ಕಾಲನಿಗಳಲ್ಲಿ ಮಹಿಳಾ ಮಂಡಳಗಳಿವೆ, ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳಿವೆ. ಇವೆರಡೂ ಕೂಡಿಯೇ ನಡೆಸಬೇಕೆಂಬುದು ನನ್ನ ಆಗ್ರಹ, ಏಕೆಂದರೆ ಮಂಡಳದವರು ಮಾತ್ರ ಮಾಡಿದರೆ ಅದು ಮತ್ತೆ ದಾನದ ವೇಷವನ್ನು ತೊಡುವುದು. ತಾಂಡಾಗಳ ಹೆಣ್ಣುಮಕ್ಕಳೂ ಮಾರುವವರಾಗಿ ಬರಲಿ. ಚಿಂಚೋಳಿಯ ಕಡೆಯ ಲಂಬಾಣಿ ತಾಯಂದಿರು ಚೂರುಬಟ್ಟೆಗೆ ಕನ್ನಡಿ, ಕವಡೆ, ಕಸೂತಿ ಹಾಕಿ ಮಕ್ಕಳಿಗೆ ಹೊಲಿಯುವ ಟೊಪ್ಪಿಗೆಗೆ ಕಾಲನಿಯ ಹೆಂಗಸರು ಸಂತೋಷದಿಂದ ಬೆಲೆ ಕೊಟ್ಟಾರು. ಕೊಡುಕೊಳ್ಳುವಿಕೆ ಎರಡು ದಿಕ್ಕಿಗೂ ಹರಿದಾಗ ಮೇಲೆ ಕೆಳಗೆಂಬ ಭಾವನೆಗೆ ನೆಲೆ ತಪ್ಪುತ್ತದೆ. ಆದರೆ ಮಣಿ ಕವಡೆಗಳು ಬಿಗಿಯಾಗಿವೆಯೇ ಎಂದು ಅಲ್ಲಿಯೂ ನೋಡಿಯೇ ಕೊಳ್ಳತಕ್ಕದ್ದು.

ಸ್ಥಳದ ವಿಷಯದಲ್ಲಿ ನನಗೆ ಒಂದು ಖಚಿತ ಅಭಿಪ್ರಾಯವಿದೆ. ಮಾರಾಟ ಕಾಲನಿಯ ಗೇಟಿನ ಒಳಗೆ ಆಗಕೂಡದು. ಗೇಟಿನಲ್ಲಿ ಕಾವಲುಗಾರ ನಿಂತಿರುತ್ತಾನೆ, ಯಾರ ಮನೆಗೆ, ಏನು ಕೆಲಸ ಎಂದು ಕೇಳುತ್ತಾನೆ, ಕೇಳುವುದು ಅವನ ಕರ್ತವ್ಯ. ಆದರೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಂದ ಹಳ್ಳಿಯ ಹೆಣ್ಣುಮಗಳು ಆ ಪ್ರಶ್ನೆಗೆ ಹೆದರಿಯೇ ಹಿಂದಿರುಗುವಳು. ಸಾರ್ವಜನಿಕ ಶಾಲೆಯ ಅಂಗಳವೋ, ಗುಡಿಯ ಮುಂದಿನ ಬಯಲೋ, ಸಂತೆಯ ಕಟ್ಟೆಯೋ ಆಗಬಹುದು. ಅಳತೆಗೊಂದು ಮೇಜು, ಪ್ರತಿ ಬಟ್ಟೆಗೂ ಬೆಲೆಯ ಚೀಟಿ. ಚೀಟಿಯ ಮೇಲೆ ಮಾರುವವಳ ಹೆಸರಿನ ಬದಲು ಒಂದು ಅಂಕೆ ಸಾಕು. ಸಂಜೆಗೆ ಉಳಿದದ್ದನ್ನು ಯಾರ ತಲೆಗೂ ಕಟ್ಟದೆ ಮಾರಿದವಳೇ ಒಯ್ಯಲಿ, ಇಲ್ಲವೇ ಕೌದಿ ಹೊಲಿಯುವವರಿಗೆ ತೂಕದ ಲೆಕ್ಕದಲ್ಲಿ ಹೋಗಲಿ. ಆದಿತ್ಯನಗರದಲ್ಲಿ ಒಮ್ಮೆ ನಡೆದು ಹೊಂದಿಕೊಂಡರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳವರು ತಾವಾಗಿಯೇ ಕೇಳಿಕೊಂಡು ಬರುವರೆಂಬ ವಿಶ್ವಾಸ ನನಗಿದೆ. ಆ ಊರುಗಳಲ್ಲಿಯೂ ಅವೇ ಟ್ರಂಕುಗಳು, ಅವೇ ತೊಟ್ಟಿಲುಗಳು.

ಮೊದಲ ಮಾರಾಟಕ್ಕೆ ದೀಪಾವಳಿಯ ಮರುವಾರವೇ ಯೋಗ್ಯವೆಂದು ನನ್ನ ಸೂಚನೆ. ನಮ್ಮ ಕಡೆಯ ಚಳಿ ಎರಡು ಎರಡೂವರೆ ತಿಂಗಳಿನದು. ಅಷ್ಟಕ್ಕಾಗಿ ಕೊಂಡ ಸ್ವೆಟರು, ಉಣ್ಣೆಯ ಕುಲಾಯಿ, ಕಾಲುಚೀಲಗಳನ್ನು ಕೂಸು ಒಂದೇ ಚಳಿಗಾಲ ತೊಟ್ಟಿರುತ್ತದೆ, ಮರುವರ್ಷ ತೆಗೆದು ನೋಡಿದರೆ ತೋಳು ಮೊಣಕೈಗೆ ನಿಂತಿರುತ್ತದೆ. ಎಲ್ಲ ಬಟ್ಟೆಗಳಿಗಿಂತ ಕಡಿಮೆ ಸವೆದಿರುವವು ಇವೇ, ಬೆಲೆ ಹೆಚ್ಚಿನವೂ ಇವೇ. ತೊಗರಿ ಹೂವಾಡುವ ಆ ದಿನಗಳಲ್ಲಿ, ರಾಶಿಯಾಗಿ ಕೈಗೆ ಹಣ ಬರುವುದಕ್ಕೆ ಇನ್ನೂ ಎರಡು ತಿಂಗಳಿರುವಾಗ, ಹಳ್ಳಿಯ ತಾಯಂದಿರ ಕೈ ಬರಿದಾಗಿರುತ್ತದೆ, ಚಳಿ ಮಾತ್ರ ಕಾಯದೆ ಬಂದಿರುತ್ತದೆ. ಆದ್ದರಿಂದ ಉಣ್ಣೆಯ ಬಟ್ಟೆಗಳ ಮೇಜನ್ನು ಎಲ್ಲಕ್ಕಿಂತ ಮುಂದೆ ಇಟ್ಟು, ಅದರ ಮೇಲಿನ ಯಾವುದಕ್ಕೂ 30 ರೂಪಾಯಿಗೆ ಮೀರಿದ ಬೆಲೆ ಬರೆಯದಂತೆ ಮಂಡಳದವರೂ ಸಂಘದವರೂ ಮೊದಲೇ ಕೂಡಿ ನಿಶ್ಚಯಿಸಿಕೊಳ್ಳಲಿ.